ಡೋನಾವೂರಿನ ‘ಅಮ್ಮ’

ಮಿಷನರಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಪುಸ್ತಕಗಳು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಮೊದಲಾದವರ ಮತಪ್ರಚಾರದ ಉದ್ದೇಶವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ, ಭಾಷೆಗೆ ಅವರಿಂದ ಆದ ಉಪಕಾರವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅದು ಅನುಕೂಲಕರವಾದ ಮರೆವು. ಆದರೆ ನಿಘಂಟನ್ನು ಕಟ್ಟದೆ, ಪತ್ರಿಕೆಯನ್ನು ನಡೆಸದೆ, ಅನ್ಯರ ಮಕ್ಕಳನ್ನು ಸಾಕುವುದರಲ್ಲೇ ಆಯುಷ್ಯವನ್ನು ಸವೆಸಿದ ಮಿಷನರಿಯೊಬ್ಬರ ವಿಷಯದಲ್ಲಿ ಇಂತಹ ಮರೆವು ಸಾಧ್ಯವಿಲ್ಲ. ಅಲ್ಲಿ ಧರ್ಮವೂ ಸೇವೆಯೂ ಒಂದೇ ನೂಲಿನ ಎಳೆಗಳಾಗಿರುತ್ತವೆ. ಒಂದನ್ನು ಎಳೆದರೆ ಇನ್ನೊಂದೂ ಬಿಚ್ಚಿಕೊಳ್ಳುತ್ತದೆ.

ಕಿಟೆಲ್ಲರ ನಿಘಂಟು ಹೊರಬಂದ ಮರುವರ್ಷ, 1895ರ ನವೆಂಬರ್ ತಿಂಗಳಲ್ಲಿ, 27 ವರ್ಷದ ಐರಿಷ್ ತರುಣಿಯೊಬ್ಬರು ಮದರಾಸಿನಲ್ಲಿ ಹಡಗಿನಿಂದಿಳಿದು ಬೆಂಗಳೂರಿಗೆ ಬಂದರು. ಹೆಸರು ಏಮಿ ಕಾರ್ಮೈಕೇಲ್. ಇಂಗ್ಲೆಂಡಿನ ಚರ್ಚಿಗೆ ಸೇರಿದ ಜೆನಾನಾ ಮಿಷನ್ ಎಂಬ ಸಂಸ್ಥೆ ಇಲ್ಲಿ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಬೇಕಿತ್ತು. ಅವರು ಬೆಂಗಳೂರನ್ನು ಆರಿಸಿಕೊಂಡದ್ದಕ್ಕೆ ಕಾರಣ ಅಷ್ಟೇನೂ ಅಧ್ಯಾತ್ಮಿಕವಾಗಿರಲಿಲ್ಲ. ಇಲ್ಲಿನ ಹವೆ ದುರ್ಬಲ ಶರೀರಕ್ಕೆ ಹಿತವಾದದ್ದೆಂದು ಇಲ್ಲಿದ್ದ ಗೆಳತಿಯೊಬ್ಬರು ಬರೆದಿದ್ದರು. ಆ ಹವೆಗೆ ಬಂದವರೇ ಡೆಂಗೆ ಜ್ವರ ಹಿಡಿದು ಮಲಗಿದರು. ಆ ಹಡಗಿನ ಪ್ರಯಾಣವೇ ಅವರ ಕೊನೆಯ ದೊಡ್ಡ ಪ್ರಯಾಣವೂ ಆಯಿತು. 1951ರ ಜನವರಿ 18ರಂದು ತೀರಿಕೊಳ್ಳುವ ತನಕ, 55 ವರ್ಷಗಳ ಕಾಲ, ಅವರು ಒಮ್ಮೆಯೂ ಊರಿಗೆ ಮರಳಲಿಲ್ಲ.

ಹುಟ್ಟಿದ್ದು 1867ರ ಡಿಸೆಂಬರ್ 16ರಂದು, ಉತ್ತರ ಐರ್ಲೆಂಡಿನ ಕಡಲತೀರದ ಮಿಲ್ಲಿಸ್ಲ್ ಎಂಬ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿಯ ಮಾಲೀಕರು, ಕಟ್ಟಾ ಪ್ರೆಸ್ಬಿಟೀರಿಯನ್ನರು. ಏಳು ಮಕ್ಕಳಲ್ಲಿ ಏಮಿಯೇ ಹಿರಿಯವರು. ಬಾಲ್ಯದ ಒಂದು ಕಥೆಯನ್ನು ಅವರ ಜೀವನವನ್ನು ಬರೆದವರೆಲ್ಲ ತಪ್ಪದೆ ಹೇಳುತ್ತಾರೆ. ತನ್ನ ಕಂದು ಕಣ್ಣುಗಳು ನೀಲಿಯಾಗಲೆಂದು ರಾತ್ರಿ ದೇವರಲ್ಲಿ ಬೇಡಿಕೊಂಡು ಮಲಗಿದ ಹುಡುಗಿ, ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಿರಾಶಳಾದಳಂತೆ. ಮುಂದೆ ಸೀರೆಯುಟ್ಟು, ಮುಖಕ್ಕೆ ಬಣ್ಣ ಹಚ್ಚಿಕೊಂಡು ತಮಿಳುನಾಡಿನ ಊರುಗಳಲ್ಲಿ ಗುರುತು ಸಿಗದಂತೆ ಅಡ್ಡಾಡಲು ಆ ಕಂದು ಕಣ್ಣುಗಳೇ ನೆರವಾದವೆಂದು ಕಥೆ ಮುಗಿಯುತ್ತದೆ. ತೀರಾ ಅಂದವಾಗಿರುವ ಇಂತಹ ಕಥೆಗಳನ್ನು ಸ್ವಲ್ಪ ಎಚ್ಚರದಿಂದಲೇ ಕೇಳಬೇಕು.

ಅದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುವ ಘಟನೆ ಬೆಲ್‌ಫಾಸ್ಟ್ ನಗರದ್ದು. ಕುಟುಂಬ ಅಲ್ಲಿ ನೆಲೆಸಿದ್ದಾಗ ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಸಭ್ಯಸ್ಥರ ಗುಂಪಿನೊಡನೆ ಮನೆಗೆ ಮರಳುವಾಗ, ಭಾರದ ಗಂಟು ಹೊತ್ತ ಬಡ ಮುದುಕಿಯೊಬ್ಬಳು ಎದುರಾದಳು. ಏಮಿ ಮತ್ತು ಅವರ ತಮ್ಮಂದಿರು ಆಕೆಯ ಗಂಟನ್ನು ತೆಗೆದುಕೊಂಡು, ತೋಳು ಹಿಡಿದು ನಡೆಸಿಕೊಂಡು ಹೋದರು. ಅದು ಸಂತೋಷದಿಂದ ಮಾಡಿದ ಪರೋಪಕಾರವಾಗಿರಲಿಲ್ಲ. ಗೊತ್ತಿದ್ದವರೆಲ್ಲ ನೋಡುತ್ತಿದ್ದಾರೆಂದು ತಾವು ನಾಚಿಕೆಯಿಂದ ಕೆಂಪಾಗಿದ್ದನ್ನು ಏಮಿ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಆ ನಾಚಿಕೆಯೇ ಅವರನ್ನು ಕಾಡಿ ಬದಲಿಸಿತು.

1885ರಲ್ಲಿ ತಂದೆ ತೀರಿಕೊಂಡರು. ವ್ಯಾಪಾರ ಆಗಲೇ ಸೊರಗಿತ್ತು. ಬೆಲ್‌ಫಾಸ್ಟಿನ ಗಿರಣಿಗಳಲ್ಲಿ ದುಡಿಯುತ್ತಿದ್ದ, ಟೋಪಿ ಕೊಳ್ಳಲಾರದೆ ತಲೆಗೆ ಶಾಲು ಹೊದೆಯುತ್ತಿದ್ದ ಹುಡುಗಿಯರನ್ನು ಏಮಿ ಚರ್ಚಿನ ಸಭಾಂಗಣಕ್ಕೆ ಕರೆತರತೊಡಗಿದರು. ಮರ್ಯಾದಸ್ಥ ಸದಸ್ಯರು ಮುಖ ಸಿಂಡರಿಸಿದಾಗ, ಒಬ್ಬ ಮಹಿಳೆ ಕೊಟ್ಟ ಹಣ ಹಾಗೂ ಒಬ್ಬ ಗಿರಣಿ ಮಾಲೀಕರು ಕೊಟ್ಟ ಜಾಗದಿಂದ 1889ರಲ್ಲಿ 500 ಜನ ಕೂರಬಹುದಾದ ತಗಡಿನ ಸಭಾಭವನವೊಂದು ಎದ್ದಿತು. ಅದಕ್ಕೆ ‘ವೆಲ್‌ಕಮ್’ ಎಂದೇ ಹೆಸರು. ಮನುಷ್ಯರ ಮುಂದೆ ಕೈಚಾಚಿ ಹಣ ಬೇಡುವುದಿಲ್ಲ, ಸಾಲ ಮಾಡುವುದಿಲ್ಲ ಎಂಬ ಹಟ ಅಲ್ಲಿಂದ ಆರಂಭವಾಗಿ ಕೊನೆಯವರೆಗೂ ಉಳಿಯಿತು.

ಅವರು ಹೊರದೇಶಕ್ಕೆ ಹೋದ ಬಗೆಯಂತೂ ಎಡವಟ್ಟುಗಳ ಸರಣಿ. ಚೀನಾಕ್ಕೆ ಹೋಗಬೇಕೆಂದು ಸಾಮಾನು ಕಟ್ಟಿಕೊಂಡಾಗ ವೈದ್ಯರು ಒಪ್ಪಲಿಲ್ಲ. 1893ರಲ್ಲಿ ಜಪಾನಿಗೆ ಹೋದರು. 15 ತಿಂಗಳಲ್ಲಿ ನರಗಳ ನೋವಿನಿಂದ ನೆಲಕಚ್ಚಿದರು. ವಿಶ್ರಾಂತಿಗೆಂದು ಹೊರಟವರು ಸಿಂಹಳಕ್ಕೆ ಬಂದು ಅಲ್ಲಿ ಕೆಲಸಕ್ಕೆ ನಿಂತರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ವಿಲ್ಸನ್, ತಂದೆಯ ಸ್ಥಾನದಲ್ಲಿ ನಿಂತು ಅವರನ್ನು ಸಾಕಿಕೊಂಡಿದ್ದ ವೃದ್ಧರು, ಕಾಯಿಲೆ ಬಿದ್ದ ಸುದ್ದಿ ಕೇಳಿ ಮರಳಿದರು. ಆದರೆ ಜಪಾನಿನಲ್ಲಿ ಅವರು ಕಲಿತ ಒಂದು ಪಾಠ ವ್ಯರ್ಥವಾಗಲಿಲ್ಲ. ಚಳಿಗಾಲದಲ್ಲಿ ರೋಗಪೀಡಿತ ಮುದುಕಿಯೊಬ್ಬಳನ್ನು ನೋಡಲು ಹೋಗಿ, ದುಭಾಷಿಯ ಮೂಲಕ ಧರ್ಮದ ಮಾತನ್ನಾಡುತ್ತಿದ್ದಾಗ, ಇನ್ನೇನು ಮುದುಕಿಯ ಮನಸ್ಸು ತಿರುಗಿತು ಎನ್ನುವಷ್ಟರಲ್ಲಿ ಆಕೆಯ ದೃಷ್ಟಿ ಏಮಿಯ ತುಪ್ಪುಳಿನ ಕೈಚೀಲಗಳ ಮೇಲೆ ಬಿತ್ತು. ಅದೇನೆಂದು ಆಕೆ ಕೇಳಿದಳು. ಮಾತು ಅಲ್ಲಿಗೇ ತಪ್ಪಿಹೋಯಿತು. ಮನೆಗೆ ಬಂದು ಇಂಗ್ಲಿಷ್ ಉಡುಪನ್ನು ಕಳಚಿಟ್ಟು ಕಿಮೋನೊ ಉಟ್ಟ ಏಮಿ, ಭಾರತಕ್ಕೆ ಬಂದ ಮೇಲೆ ಸೀರೆ ಉಟ್ಟರು. ಅಂದಿನ ಬಿಳಿಯರ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ. ಆಳುವವರ ಜನಾಂಗಕ್ಕೆ ಸೇರಿದವರು ಆಳಿಸಿಕೊಳ್ಳುವವರಂತೆ ಉಡುವುದು ಶಿಸ್ತಿನ ಉಲ್ಲಂಘನೆಯೆಂದೇ ಹಲವರ ಎಣಿಕೆಯಾಗಿತ್ತು.

ಬೆಂಗಳೂರು ಅವರಿಗೆ ಒಗ್ಗಲಿಲ್ಲ. ಕಾರಣ ಜ್ವರವೊಂದೇ ಅಲ್ಲ. ದಂಡುಪ್ರದೇಶದ ಮಿಷನರಿಗಳ ಬದುಕು, ಅದರ ಚಹಾಕೂಟಗಳು, ಸ್ಥಳೀಯರಿಂದ ಕಾಯ್ದುಕೊಂಡ ಅಂತರ ಇವೆಲ್ಲ ಅವರಿಗೆ ಉಸಿರು ಕಟ್ಟಿಸಿದವು. ಒಂದು ವರ್ಷದಲ್ಲೇ, ಥಾಮಸ್ ವಾಕರ್ ಎಂಬ ಹಿರಿಯ ಮಿಷನರಿಯ ಮಾರ್ಗದರ್ಶನದಲ್ಲಿ ತಮಿಳು ಕಲಿಯಲು ತಿರುನೆಲ್ವೇಲಿಗೆ ಹೊರಟರು. ಹೀಗೆ ನಮ್ಮ ಊರು ಅವರ ಜೀವನಚರಿತ್ರೆಯಲ್ಲಿ ಕೆಲವೇ ಪುಟಗಳ ತಂಗುದಾಣವಾಗಿ ಉಳಿಯಿತು.

ತಿರುನೆಲ್ವೇಲಿ ಸೀಮೆಯ ಪಣ್ಣೈವಿಳೈ ಎಂಬಲ್ಲಿ ನೆಲೆಸಿ, ಕೆಲವು ತಮಿಳು ಕ್ರೈಸ್ತ ಮಹಿಳೆಯರ ತಂಡ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿ ಸುತ್ತುತ್ತ ಏಮಿ ಮತಪ್ರಚಾರ ಮಾಡುತ್ತಿದ್ದರು. ಆ ತಂಡದಲ್ಲಿ ಪೊನ್ನಮ್ಮಾಳ್ ಎಂಬ ಯುವ ವಿಧವೆಯಿದ್ದರು. ಮುಂದಿನ ಕಥೆಯಲ್ಲಿ ಆಕೆಯ ಪಾಲು ಏಮಿಯ ಪಾಲಿಗಿಂತ ತೀರಾ ಕಡಿಮೆಯೇನಲ್ಲ. ಹೆಸರು ಮಾತ್ರ ಹಿಂದೆ ಉಳಿಯಿತು. ಹೀಗೇ ನಡೆದಿದ್ದರೆ ಏಮಿ ಕಾರ್ಮೈಕೇಲ್ ಅಂದಿನ ನೂರಾರು ಮಿಷನರಿಗಳಲ್ಲಿ ಒಬ್ಬರಾಗಿ ಮರೆಯಾಗುತ್ತಿದ್ದರು. 1901ರ ಮಾರ್ಚ್ ತಿಂಗಳಲ್ಲಿ ಏಳು ವರ್ಷದ ಪ್ರೀನಾ ಎಂಬ ಹುಡುಗಿ ಅವರ ಮನೆಗೆ ಬಂದಳು.

ಆ ಹುಡುಗಿಯನ್ನು ದೇವಸ್ಥಾನದ ಹೆಂಗಸರಿಗೆ ಒಪ್ಪಿಸಲಾಗಿತ್ತು. ಒಮ್ಮೆ ತಪ್ಪಿಸಿಕೊಂಡು, ಸುಮಾರು 20 ಮೈಲಿ ನಡೆದು ತೂತುಕುಡಿಯಲ್ಲಿದ್ದ ತಾಯಿಯನ್ನು ಸೇರಿದ್ದಳು. ತಾಯಿಯೇ ಅವಳನ್ನು ಮರಳಿ ಒಪ್ಪಿಸಿದಳು. ಶಿಕ್ಷೆಯಾಗಿ ಆ ಪುಟ್ಟ ಕೈಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಲಾಯಿತು. ದೇವರಿಗೆ ಮದುವೆ ಮಾಡುವ ದಿನ ಹತ್ತಿರವಾಗುತ್ತಿದೆ ಎಂಬುದು ಕಿವಿಗೆ ಬಿದ್ದಾಗ ಎರಡನೆಯ ಬಾರಿ ಓಡಿದಳು. ಚರ್ಚಿನ ಬಳಿ ನಿಂತಿದ್ದವಳನ್ನು ಕ್ರೈಸ್ತ ಹೆಂಗಸೊಬ್ಬಳು ಏಮಿಯ ಬಳಿಗೆ ಕರೆತಂದಳು. ಹುಡುಗಿ ನೇರವಾಗಿ ಬಂದು ಅವರ ಮಡಿಲೇರಿ ಕುಳಿತಳಂತೆ. ಹುಡುಕುತ್ತ ಬಂದ ಹೆಂಗಸರೆದುರು, ತಾನು ಬರುವುದಿಲ್ಲವೆಂದು ಅವಳೇ ಹೇಳಿದಳು. ಅನಂತರ ಚಿಂದಿಬಟ್ಟೆಯ ಗೊಂಬೆಯನ್ನು ಕೈಯಲ್ಲಿ ಹಿಡಿದು, ದೇವಸ್ಥಾನದ ಮನೆಗಳಲ್ಲಿ ತಾನು ಕಂಡದ್ದನ್ನು ಆಟವಾಡಿ ತೋರಿಸಿದಳು. ಮಗುವೊಂದಕ್ಕೆ ಗೊತ್ತಿರಬಾರದ ಸಂಗತಿಗಳು ಆ ಆಟದಲ್ಲಿದ್ದವು.

ಏಮಿ ಅಲ್ಲಿಗೆ ತಮ್ಮ ಊರೂರು ತಿರುಗಾಟವನ್ನು ಮೊಟಕುಗೊಳಿಸಿದರು. ಮಕ್ಕಳಿದ್ದ ಮೇಲೆ ತಿರುಗುವುದು ಹೇಗೆ? ಅದೇ ವರ್ಷ ವಾಕರ್ ದಂಪತಿಗಳೊಡನೆ ಪಶ್ಚಿಮ ಘಟ್ಟಗಳ ತಪ್ಪಲಿನ ಡೋನಾವೂರಿಗೆ ವಾಸ ಬದಲಾಯಿತು. ಅದೊಂದು ಹಳೆಯ ಕ್ರೈಸ್ತ ಗ್ರಾಮ. ಹಣ ಕೊಟ್ಟ ಡೋನಾ ಎಂಬ ಪ್ರಷ್ಯದ ಶ್ರೀಮಂತನ ಹೆಸರಿಗೆ ತಮಿಳಿನ ‘ಊರು’ ಸೇರಿ ಆದ ಹೆಸರದು.

ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಕೊಳ್ಳುತ್ತಾರೆ ಎಂಬ ಮಾತನ್ನು ಆರಂಭದಲ್ಲಿ ನಂಬಿದವರು ಕಡಿಮೆ. ಹಿಂದೂಗಳ ವಿಷಯ ಹಾಗಿರಲಿ, ಸಹೋದ್ಯೋಗಿ ಮಿಷನರಿಗಳೇ ಸಂಶಯಪಟ್ಟರು. 1903ರಲ್ಲಿ ಪ್ರಕಟವಾದ ಅವರ ‘ಥಿಂಗ್ಸ್ ಆ್ಯಸ್ ದೆ ಆರ್’ ಎಂಬ ಪುಸ್ತಕ ಇಂಗ್ಲೆಂಡಿನಲ್ಲಿ ಕೋಲಾಹಲವನ್ನೇ ಎಬ್ಬಿಸಿತು. ಮತಾಂತರದ ಯಶೋಗಾಥೆಗಳನ್ನು ಓದಿ ದೇಣಿಗೆ ಕೊಡುವ ಅಭ್ಯಾಸವಿದ್ದ ಓದುಗರಿಗೆ, ಇಲ್ಲಿ ಸೋಲೇ ಹೆಚ್ಚೆಂದು ಹೇಳುವ ಪುಸ್ತಕ ಹಿಡಿಸುವುದಾದರೂ ಹೇಗೆ? ಆ ಹಸ್ತಪ್ರತಿಯನ್ನು ಮೊದಲು ತಿರಸ್ಕರಿಸಲಾಗಿತ್ತು. ಅಷ್ಟು ಪ್ರಾಮಾಣಿಕತೆ ಮಿಷನರಿ ಸಾಹಿತ್ಯದಲ್ಲಿ ಅಪರೂಪ. ಆದರೆ ಅದೇ ಪುಸ್ತಕದಲ್ಲಿ ಹಿಂದೂ ಸಮಾಜವನ್ನು ಆಕೆ ಕಂಡ ಬಗೆ ಏಕಮುಖವಾದುದೆಂಬುದನ್ನೂ ಹೇಳಲೇಬೇಕು. ಅವರ ಪಾಲಿಗೆ ಅಲ್ಲಿದ್ದದ್ದು ಕತ್ತಲೆ ಮಾತ್ರ.

ಮಕ್ಕಳನ್ನು ತರುವುದು ಸುಲಭವಾಗಿತ್ತು, ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಹೀಗೆನ್ನಲು ಕಾರಣ, ಬಂದವರೆಲ್ಲ ಪ್ರೀನಾಳಂತೆ ಏಳು ವರ್ಷದವರಲ್ಲ. 1904ರಿಂದ ಹಾಲುಗೂಸುಗಳೇ ಬರತೊಡಗಿದವು. ತಾಯಿಯ ಹಾಲಿಲ್ಲದ, ದೂರದಿಂದ ಗಾಡಿಯಲ್ಲಿ ತಂದ, ಅರ್ಧ ಬಾಡಿದ ಕೂಸುಗಳು ಒಂದೊಂದಾಗಿ ಸತ್ತವು. ಹತ್ತಿರ ವೈದ್ಯರಿರಲಿಲ್ಲ. ಅಂದು ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ನೆಯ್ಯೂರಿನಲ್ಲಿ ಲಂಡನ್ ಮಿಷನ್ನಿನ ಆಸ್ಪತ್ರೆಯಿದ್ದ ಕಾರಣ, ಅಲ್ಲೊಂದು ಶಿಶುಮಂದಿರವನ್ನು ತೆರೆದು ಪೊನ್ನಮ್ಮಾಳರಿಗೆ ವಹಿಸಲಾಯಿತು. ಭೇದಿಯ ಪಿಡುಗು ಅಲ್ಲಿಯೂ ಬಂದು ಹಲವು ಕೂಸುಗಳನ್ನು ಒಯ್ದಿತು.

ಪೊನ್ನಮ್ಮಾಳ್ ಅಲ್ಲಿ ಮಾಡಿದ್ದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕಾದರೆ ಅಂದಿನ ಜಾತಿಯ ಕಟ್ಟುಪಾಡುಗಳನ್ನು ನೆನೆಯಬೇಕು. ಯಾರದೋ ಕೂಸಿನ ಮಲಮೂತ್ರ ಬಳಿಯುವುದು ಕುಲೀನ ಹೆಂಗಸಿನ ಕೆಲಸವೆಂದು ಆ ಸಮಾಜ ಒಪ್ಪಿರಲಿಲ್ಲ, ಅದಕ್ಕೆ ಕೂಲಿಯಾಳುಗಳಿದ್ದರು. ಧರ್ಮೋಪದೇಶ ಮಾಡಲು ಮುಂದೆ ಬರುತ್ತಿದ್ದ ಕ್ರೈಸ್ತ ಮಹಿಳೆಯರೂ ತೊಟ್ಟಿಲ ಕೆಲಸವೆಂದರೆ ಹಿಂಜರಿಯುತ್ತಿದ್ದರು. ಪೊನ್ನಮ್ಮಾಳ್ ಮೊದಲು ಬಗ್ಗಿ ಆ ಕೆಲಸ ಮಾಡಿದರು. ಉಳಿದವರು ಅವರನ್ನು ನೋಡಿ ಕಲಿತರು. ಡೋನಾವೂರಿನಲ್ಲಿ ಒಂದೇ ಪಂಕ್ತಿಯ ಊಟ, ಎಲ್ಲರಿಗೂ ಎಲ್ಲ ಕೆಲಸ ಎಂಬ ನಿಯಮ ಗಟ್ಟಿಯಾದದ್ದು ಹೀಗೆ. 1915ರಲ್ಲಿ ಕ್ಯಾನ್ಸರ್‌ನಿಂದ ಪೊನ್ನಮ್ಮಾಳ್ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1912ರಲ್ಲಿ, ವಾಕರ್ ಹೋಗಿದ್ದರು. ಏಮಿಯ ಎರಡೂ ಆಸರೆಗಳು ಹೀಗೆ ಕಳಚಿದವು. 1913ರ ವೇಳೆಗೆ ಅವರ ಆರೈಕೆಯಲ್ಲಿದ್ದ ಮಕ್ಕಳು ಸುಮಾರು 130.

ಈಗ ಬಿಕ್ಕಟ್ಟಿನ ಪ್ರಶ್ನೆಗೆ ಬರಬೇಕು. ಈ ಮಕ್ಕಳು ಯಾರವು?

ಅಪ್ರಾಪ್ತ ವಯಸ್ಸಿನ ಹುಡುಗಿಯರನ್ನು ವೇಶ್ಯಾವೃತ್ತಿಗಾಗಿ ಕೊಡುವುದು, ಕೊಳ್ಳುವುದು ಅಂದಿನ ಭಾರತೀಯ ದಂಡ ಸಂಹಿತೆಯ 372 ಮತ್ತು 373ನೇ ವಿಧಿಗಳಂತೆ ಅಪರಾಧವೇ ಆಗಿತ್ತು. ಆದರೆ ದೇವದಾಸಿಯರು ಹೆಣ್ಣುಮಕ್ಕಳನ್ನು ದತ್ತು ಪಡೆಯುವುದು ಪುರಾತನ ರೂಢಿ. ದತ್ತು ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಆರಂಭವಾಯಿತು ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಸುಲಭವಿರಲಿಲ್ಲ. ಸರ್ಕಾರವೂ ಧರ್ಮದ ವಿಷಯದಲ್ಲಿ ಕೈಹಾಕಲು ಹೆದರುತ್ತಿತ್ತು. ಹೆತ್ತವರು ಬಂದು ಮಗುವನ್ನು ಕೇಳಿದರೆ ಕಾನೂನು ಸಹಜವಾಗಿ ಹೆತ್ತವರ ಪರ ನಿಲ್ಲುತ್ತಿತ್ತು. ಅಪಹರಣದ ಆರೋಪ ಏಮಿಯ ತಲೆಯ ಮೇಲೆ ಸದಾ ತೂಗುತ್ತಿತ್ತು. ಒಂದು ಪ್ರಕರಣದಲ್ಲಿ ಏಳು ವರ್ಷಗಳ ಸೆರೆವಾಸದ ಸಾಧ್ಯತೆಯೂ ಇತ್ತು. ಕೊನೆಗೆ ಆ ಮೊಕದ್ದಮೆ ಬಿದ್ದುಹೋಯಿತು.

ಮುತ್ತಮ್ಮಾಳ್ ಎಂಬ ಹುಡುಗಿಯ ಪ್ರಕರಣ ಇದರಲ್ಲೆಲ್ಲ ವಿಲಕ್ಷಣವಾದದ್ದು. ಆಸ್ತಿಯ ವ್ಯಾಜ್ಯದ ನಡುವೆ ಸಿಲುಕಿದ್ದ ಆ ಬಾಲಕಿ ಡೋನಾವೂರಿನಲ್ಲೇ ಇರಬಯಸಿದಳು. ತಾಯಿ ಮರಳಿ ಕೇಳಿದಳು. ದೀರ್ಘಕಾಲ ನಡೆದ ದಾವೆಯಲ್ಲಿ 1911ರಲ್ಲಿ ತೀರ್ಪು ಏಮಿಯ ವಿರುದ್ಧ ಬಂತು. ಮಗುವನ್ನು ಒಪ್ಪಿಸಬೇಕು. ಆದರೆ ಒಪ್ಪಿಸಲು ಮಗುವೇ ಇರಲಿಲ್ಲ. ಅತಿಥಿಯಾಗಿ ಬಂದಿದ್ದ ಮಹಿಳೆಯೊಬ್ಬರು ಹುಡುಗಿಗೆ ಮುಸ್ಲಿಂ ಬಾಲಕನ ವೇಷ ತೊಡಿಸಿ ರಾತ್ರಿಯ ಕತ್ತಲಲ್ಲಿ ಆವರಣದಿಂದ ಹೊರಕ್ಕೆ ಕಳುಹಿಸಿದ್ದರು. ಕೈಯಿಂದ ಕೈಗೆ ದಾಟುತ್ತ ಹುಡುಗಿ ಕೊಲಂಬೊ ಸೇರಿ, ಅಲ್ಲಿಂದ ದೂರದ ಚೀನಾಕ್ಕೆ ಹೋಗಿ ಮಿಷನರಿ ಕುಟುಂಬವೊಂದರಲ್ಲಿ ಬೆಳೆದಳು. ವರ್ಷಗಳ ನಂತರ ಮರಳಿ, 1917ರಲ್ಲಿ ಕೊಲಂಬೊದಲ್ಲಿ, ಡೋನಾವೂರಿನ ಬಳಗದವನೇ ಆದ ತರುಣನನ್ನು ಮದುವೆಯಾದಳು.

ಅಭಿಮಾನಿಗಳಿಗೆ ಇದು ದೈವಲೀಲೆ. ಕಾನೂನಿನ ಕಣ್ಣಿನಲ್ಲಿ ನ್ಯಾಯಾಲಯದ ಆಜ್ಞೆಯ ಉಲ್ಲಂಘನೆ. ಇದನ್ನು ಓದುವಾಗ ನನಗೆ ಕಾಣುವುದು ಇನ್ನೊಂದು ಸಂಗತಿ. ಒಂದು ಮಗು ತಾನು ಯಾರ ಬಳಿ ಇರಬೇಕೆಂದು ಸ್ವತಃ ಹೇಳಿತ್ತು. ಆ ಮಾತಿಗೆ ಬೆಲೆಯಿದ್ದ ಒಂದೇ ಒಂದು ಸ್ಥಳ ಆ ಕಾನೂನುಬಾಹಿರ ಮನೆಯಾಗಿತ್ತು. ಮಗುವಿನ ಹಿತಾಸಕ್ತಿ ಎಂಬ ಮಾತನ್ನು ಇಂದು ನಮ್ಮ ನ್ಯಾಯಾಲಯಗಳು ಸಲೀಸಾಗಿ ಬಳಸುತ್ತವೆ. 1911ರಲ್ಲಿ ಆ ಮಾತಿಗೆ ಅಷ್ಟು ಬಲವಿರಲಿಲ್ಲ. ಆದರೆ ಎಲ್ಲ ಮಕ್ಕಳೂ ಹಾಗೆ ಬಾಯಿಬಿಟ್ಟು ಹೇಳಿದವರಲ್ಲ. ಹಾಲುಗೂಸು ಏನು ಹೇಳೀತು? ಅವುಗಳಿಗೆ ಹೊಸ ಹೆಸರು ಬಂತು, ಹೊಸ ಧರ್ಮ ಬಂತು. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ, ಡೋನಾವೂರಿಗೆ ಬಂದ ದಿನವನ್ನೇ ಹಬ್ಬವಾಗಿ ಆಚರಿಸುವ ಪದ್ಧತಿ ಬಂತು. ಮನಸ್ಸನ್ನು ಕರಗಿಸುವ ಈ ಪದ್ಧತಿಯಲ್ಲಿ, ಅದಕ್ಕೆ ಮುಂಚಿನದೆಲ್ಲ ಅಳಿದುಹೋಗುವ ವ್ಯವಸ್ಥೆಯೂ ಇತ್ತೆಂಬುದನ್ನು ಮರೆಯಲಾಗದು.

ದೇವದಾಸಿಯರ ಲೋಕದಲ್ಲಿಯೂ ಕತ್ತಲೆಯೊಂದೇ ಇರಲಿಲ್ಲ. ಏಮಿಗಿಂತ 11 ವರ್ಷ ಕಿರಿಯರಾದ, 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿಯೊಬ್ಬರ ಮಗಳಾಗಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ಅದೇ ಮದರಾಸು ಪ್ರಾಂತ್ಯದಲ್ಲಿ ಸಂಗೀತದ ಸಿರಿಯನ್ನು ಗಳಿಸಿದರು. ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನ’ವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿದರು. ತಿರುವೈಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಹಣದಿಂದ ಗುಡಿ ಕಟ್ಟಿಸಿದರು. 1927ರಲ್ಲಿ ದೇವದಾಸಿ ಪದ್ಧತಿಯ ನಿಷೇಧದ ಮಾತು ಬಂದಾಗ, ತಮ್ಮನ್ನು ವೇಶ್ಯೆಯರೊಡನೆ ಸಮೀಕರಿಸುವುದನ್ನು ಪ್ರತಿಭಟಿಸಿದ ಮದರಾಸಿನ ದೇವದಾಸಿಯರ ಮುಂಚೂಣಿಯಲ್ಲಿ ಅವರಿದ್ದರು. ಎದುರಿಗೆ, ನಿಷೇಧದ ಪರವಾಗಿ ನಿಂತ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೂ ದೇವದಾಸಿ ಕುಲದವರೇ. ಏಮಿಯ ಪುಸ್ತಕಗಳಲ್ಲಿ ನಾಗರತ್ನಮ್ಮನಂತಹವರಿಗೆ ಎಡೆಯಿಲ್ಲ. ನಾಗರತ್ನಮ್ಮನವರ ವೈಭವದ ಕಥೆಯಲ್ಲಿ ಬರೆಬಿದ್ದ ಕೈಗಳ ಪ್ರೀನಾಳಿಗೂ ಎಡೆಯಿಲ್ಲ. ಎರಡೂ ಒಂದೇ ಕಾಲದ, ಒಂದೇ ಪ್ರಾಂತ್ಯದ ಸತ್ಯಗಳು.

ಮೈಸೂರು ಸಂಸ್ಥಾನ 1909ರಲ್ಲೇ ತನ್ನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನಲ್ಲಿ ಕಾಯಿದೆ ಬಂದದ್ದು 1947ರಲ್ಲಿ. ಆ ಹೋರಾಟದ ಕೀರ್ತಿ ಸಲ್ಲಬೇಕಾದದ್ದು ಮುತ್ತುಲಕ್ಷ್ಮಿ ರೆಡ್ಡಿಯವರಂತಹ ಭಾರತೀಯರಿಗೇ. ಏಮಿ ಕಾಯಿದೆ ತರಲು ಹೊರಟವರಲ್ಲ. ಬಾಗಿಲಿಗೆ ಬಂದ ಮಗುವನ್ನು ಒಳಗೆ ಕರೆದುಕೊಳ್ಳುವುದಷ್ಟೇ ಅವರಿಗೆ ತಿಳಿದಿತ್ತು. ಕರ್ನಾಟಕದಲ್ಲಿ 1982ರಲ್ಲಿ ಮತ್ತೊಮ್ಮೆ ಕಾಯಿದೆ ಮಾಡಬೇಕಾಗಿ ಬಂದದ್ದನ್ನು ನೆನೆದರೆ, ಕಾಯಿದೆಯ ಶಕ್ತಿ ಎಷ್ಟೆಂಬುದೂ ತಿಳಿಯುತ್ತದೆ.

1918ರಿಂದ ಡೋನಾವೂರು ಗಂಡುಮಕ್ಕಳಿಗೂ ಬಾಗಿಲು ತೆರೆಯಿತು. ಗಂಡು ಮಕ್ಕಳನ್ನು ನಾಟಕದ ಕಂಪನಿಗಳಿಗಾಗಿ ಕೊಳ್ಳುತ್ತಿದ್ದುದನ್ನು ಏಮಿ ತಿಳಿದುಕೊಂಡಿದ್ದರು. ಮರುವರ್ಷ ಸರ್ಕಾರ ಕೈಸರ್-ಇ-ಹಿಂದ್ ಪದಕ ಘೋಷಿಸಿತು. ಬೇಡವೆಂದು ಬರೆದರು, ಒತ್ತಾಯದಿಂದ ಒಪ್ಪಿಕೊಂಡರಾದರೂ ಅದನ್ನು ಪಡೆಯುವ ಸಮಾರಂಭಕ್ಕೆ ಹೋಗಲಿಲ್ಲ. 1925ರಲ್ಲಿ ತಮ್ಮನ್ನು ಕಳುಹಿಸಿದ್ದ ಮಿಷನ್ ಸಂಸ್ಥೆಯ ಸಂಬಂಧವನ್ನೂ ಕಡಿದುಕೊಂಡು ‘ಡೋನಾವೂರು ಫೆಲೋಶಿಪ್’ ಸ್ವತಂತ್ರವಾಯಿತು. ಕೆಲಸಗಾರರಿಗೆ ಸಂಬಳವಿಲ್ಲ. ಐರೋಪ್ಯ ಮಹಿಳೆಯರನ್ನು ಮಕ್ಕಳು ‘ಚಿತ್ತಿ’ ಎಂದರೆ ಚಿಕ್ಕಮ್ಮ ಎಂದೂ, ಗಂಡಸರನ್ನು ‘ಅಣ್ಣಾಚ್ಚಿ’ ಎಂದೂ ಕರೆಯುತ್ತಿದ್ದರು. ಏಮಿ ಎಲ್ಲರಿಗೂ ‘ಅಮ್ಮ’. ಹಿರಿಯ ಹುಡುಗಿಯರು ಕಿರಿಯರಿಗೆ ತಾಯಂದಿರಾದರು. ಅನಾಥಾಲಯ ಎಂಬ ಮಾತೇ ಅಲ್ಲಿ ಸಲ್ಲುತ್ತಿರಲಿಲ್ಲ.

ಮನೆಯೆಂದರೆ ಒಬ್ಬ ಯಜಮಾನಿಯೂ ಇರಬೇಕಲ್ಲ. ಏಮಿಯ ಆಡಳಿತ ಬಿಗಿಯಾದದ್ದು. ಅವರ ನಿಶ್ಚಯಗಳಿಗೆ ಎದುರಾಡುವುದೆಂದರೆ ದೈವಪ್ರೇರಣೆಗೆ ಎದುರಾಡಿದಂತೆ. ಕೇಂಬ್ರಿಡ್ಜಿನ ಪ್ರತಿಭಾವಂತ ಸ್ಟೀಫನ್ ನೀಲ್ 1924ರಲ್ಲಿ ಅಲ್ಲಿಗೆ ಬಂದು ಹೆಚ್ಚು ಕಾಲ ನಿಲ್ಲಲಾಗದೆ ಕಹಿಯಾಗಿ ಹೊರಬಿದ್ದರು. ಮುಂದೆ ತಿರುನೆಲ್ವೇಲಿಯ ಬಿಷಪ್ ಆಗಿ, ಧರ್ಮೇತಿಹಾಸದ ವಿದ್ವಾಂಸರಾಗಿ ಹೆಸರಾದವರು ಇದೇ ನೀಲ್. ತಪ್ಪು ಒಂದೇ ಕಡೆ ಇತ್ತೆಂದು ಹೇಳಲಾಗದು. ಎರಡು ಗಟ್ಟಿ ಕಲ್ಲುಗಳು ಉಜ್ಜಿದಾಗ ಕಿಡಿ ಏಳುವುದು ಸಹಜ. ಹೊರಗಿನ ಗಾಳಿ ಸೋಕದಂತೆ ಮಕ್ಕಳನ್ನು ಬೆಳೆಸಿದರೆ ಮುಂದೆ ಅವರು ಹೊರಗೆ ಬದುಕುವುದೆಂತು ಎಂಬ ಪ್ರಶ್ನೆ ಮಾತ್ರ ಉಳಿದೇ ಇತ್ತು. ಅನೇಕರು ಹೊರಗೆ ಹೋಗಲೇ ಇಲ್ಲ. ಅಲ್ಲೇ ದಾದಿಯರಾಗಿ, ಶಿಕ್ಷಕಿಯರಾಗಿ, ತೊಟ್ಟಿಲು ತೂಗುವವರಾಗಿ ಮುದುಕಿಯರಾದರು. ಅದು ಅವರ ಆಯ್ಕೆಯೋ ಅಥವಾ ಬೇರೆ ಆಯ್ಕೆಯನ್ನೇ ಕಾಣದಿದ್ದುದರ ಫಲವೋ ಎಂಬುದನ್ನು ಹೊರಗಿನಿಂದ ನಿರ್ಣಯಿಸಲು ನಾವು ಯಾರು?

ಇಂದು ಪಶ್ಚಿಮದ ತರುಣ ತರುಣಿಯರು ರಜೆಯ ಎರಡು ಮೂರು ವಾರಗಳಲ್ಲಿ ಏಷ್ಯಾಕ್ಕೋ ಆಫ್ರಿಕಕ್ಕೋ ಬಂದು, ಅನಾಥ ಮಕ್ಕಳೊಡನೆ ಆಡಿ, ಗೋಡೆಗೆ ಸುಣ್ಣ ಬಳಿದು, ಭಾವಚಿತ್ರ ತೆಗೆಸಿಕೊಂಡು ಮರಳುವ ಸೇವಾಯಾತ್ರೆಗಳಿವೆ. ಅವರ ಸದುದ್ದೇಶವನ್ನು ಶಂಕಿಸಬೇಕಿಲ್ಲ. ಆದರೆ ಮಗುವಿನ ಲೆಕ್ಕ ಬೇರೆ. ಬಂದವರು ಹೋಗುತ್ತಾರೆ ಎಂಬುದನ್ನು ಅದು ಪ್ರತಿಸಲವೂ ಹೊಸದಾಗಿ ಕಲಿಯಬೇಕಾಗುತ್ತದೆ. ಏಮಿಯ ಮೇಲೆ ಏನೇ ಆಕ್ಷೇಪ ಹೊರಿಸಿದರೂ ಈ ಆಕ್ಷೇಪವನ್ನು ಹೊರಿಸುವಂತಿಲ್ಲ. ರಜೆಗೂ ಅವರು ಊರಿಗೆ ಹೋಗಲಿಲ್ಲ. ತಾಯಿ ಒಮ್ಮೆ ಡೋನಾವೂರಿಗೆ ಬಂದು ಹೋದರು. ಆಕೆ ತೀರಿಕೊಂಡಾಗಲೂ ಮಗಳು ಇಲ್ಲೇ ಇದ್ದರು.

1931ರಲ್ಲಿ, ಹತ್ತಿರದ ಕಳಕ್ಕಾಡು ಎಂಬಲ್ಲಿ ಚಿಕಿತ್ಸಾಲಯಕ್ಕಾಗಿ ಸಿದ್ಧವಾಗುತ್ತಿದ್ದ ಮನೆಯನ್ನು ಮುಸ್ಸಂಜೆಯಲ್ಲಿ ನೋಡಲು ಹೋದ ಏಮಿ, ಅಲ್ಲಿ ತೋಡಿದ್ದ ಗುಂಡಿಗೆ ಬಿದ್ದರು. ಕಾಲು ಮುರಿಯಿತು. ಕೆಲವು ವಾರಗಳಲ್ಲಿ ವಾಸಿಯಾಗಬೇಕಾದ ಗಾಯ ಬೇರೆ ಬೇರೆ ಕಾಯಿಲೆಗಳಿಗೆ ಎಡೆಮಾಡಿ, ಉಳಿದ ಸುಮಾರು 20 ವರ್ಷಗಳನ್ನು ಅವರು ಒಂದು ಕೋಣೆಯಲ್ಲೇ ಕಳೆದರು. ಅಲ್ಲಿಂದಲೇ ಮಕ್ಕಳಿಗೆ ಚೀಟಿಗಳನ್ನು ಬರೆದರು, ಆಡಳಿತ ನಡೆಸಿದರು, ಪುಸ್ತಕ ಬರೆದರು. ಒಟ್ಟು ಪುಸ್ತಕಗಳ ಸಂಖ್ಯೆ 35ರಷ್ಟು. ಅವುಗಳಲ್ಲಿ ಹಲವು ಇಂದಿಗೂ ಇಂಗ್ಲಿಷ್ ಬಲ್ಲ ಕ್ರೈಸ್ತ ಓದುಗರ ನಡುವೆ ಜೀವಂತವಾಗಿವೆ. ಅವರನ್ನು ಬಲ್ಲ ಅಮೆರಿಕದ ಓದುಗರ ಸಂಖ್ಯೆಗೆ ಹೋಲಿಸಿದರೆ, ಅವರು ಮೊದಲು ಬಂದಿಳಿದ ಬೆಂಗಳೂರಿನಲ್ಲಿ ಅವರ ಹೆಸರು ಬಲ್ಲವರು ಬೆರಳೆಣಿಕೆಯಷ್ಟೇ ಇರಬಹುದು.

ಕಾಲಕ್ರಮದಲ್ಲಿ ಡೋನಾವೂರಿನ ಆಡಳಿತ ಐರೋಪ್ಯರ ಕೈಯಿಂದ ಭಾರತೀಯರ ಕೈಗೆ ಬಂತು. ಹೊಣೆ ಹೊತ್ತವರಲ್ಲಿ ಅಲ್ಲೇ ಕೂಸುಗಳಾಗಿ ಬಂದು ಬೆಳೆದವರೂ ಇದ್ದರು. ಏಮಿ ತಮ್ಮ ಗೋರಿಯ ಮೇಲೆ ಕಲ್ಲು ನೆಡಬಾರದೆಂದು ಹೇಳಿ ಹೋಗಿದ್ದರು. ಮಕ್ಕಳು ಆ ಮಾತನ್ನು ಮೀರಲಿಲ್ಲ, ಪೂರ್ತಿ ಪಾಲಿಸಲೂ ಇಲ್ಲ. ಸಮಾಧಿಯ ಮೇಲೆ ಹಕ್ಕಿಗಳು ನೀರು ಕುಡಿಯುವ ಒಂದು ಬೋಗುಣಿಯನ್ನಿಟ್ಟು, ಅದರ ಮೇಲೆ ತಮಿಳಿನಲ್ಲಿ ತಾಯಿ ಎಂಬರ್ಥದ ‘ಅಮ್ಮೈ’ ಎಂಬ ಒಂದೇ ಪದವನ್ನು ಕೆತ್ತಿಸಿದರು.